ಡೆಲ್ರಾಯ್ ಬಿಟ್ಟುಹೋದ ಜಾಗ

ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ದಿನ. ಈ ಒಂದು ಆಯ್ಕೆಗೆ ತಂಡ ತೆತ್ತ ಬೆಲೆ ಡೆಲ್ರಾಯ್. ಎದುರಾಳಿಗಳು ಮೇಲೆ ಬೀಳದಂತೆ ಚೆಂಡೆಸೆಯುವವನ ಎಡಗಡೆ ವರ್ಷಗಟ್ಟಲೆ ಗೋಡೆಯಂತೆ ನಿಂತವನು, ಮಾರ್ಚ್‌ನಲ್ಲಿ ಹೆಚ್ಚಿನ ಸಂಬಳಕ್ಕೆ ಬೇರೆ ತಂಡ ಸೇರಿದ್ದ. ಅವನ ಬದಲಿಗೆ ಹೊರಗಿನ ಆಟಗಾರನನ್ನು ತಂದಿದ್ದರೆ, ಪರಿಹಾರವಾಗಿ ಲೀಗ್ ಕೊಡುವ ಈ ಹೆಚ್ಚುವರಿ ಆಯ್ಕೆ ಕೈತಪ್ಪುತ್ತಿತ್ತು. ಅದಕ್ಕೇ ಜಾಗ ಖಾಲಿ ಬಿಟ್ಟು ಕಾದಿದ್ದರು. ಈಗ ಕಾಲೇಜು ಹುಡುಗರಲ್ಲಿ ಒಬ್ಬನನ್ನು ಆರಿಸಲು ಉಳಿದದ್ದು ಮೂರೇ ನಿಮಿಷ.

"ಬೇಗ ಹೇಳು ಮಾರಾಯ," ಎಂದಳು ಮ್ಯಾನೇಜರ್ ಲೊರೇನ್.

"ಈ ವರ್ಷವೂ ಸೋತ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ. ಈಗಿಂದೀಗಲೇ ಆಡೋನು ಬೇಕು," ಎಂದ ಮುದಿ ಕೋಚ್ ಗಸ್. ಪಟ್ಟಿಯಲ್ಲಿದ್ದ ಇಬ್ಬರಲ್ಲಿ ಮೊದಲನೆಯವನು ಫೋನಿನಲ್ಲಿ, "ನಾಳೆನೇ ಆಡ್ತೀನಿ ಸರ್," ಎಂದಿದ್ದ. ಗಸ್ ಎರಡನೆಯವನಾದ ಎಜ್ರಾನಿಗೆ ಫೋನ್ ಹಚ್ಚಿದ. "ಸೆಪ್ಟೆಂಬರ್‌ಗೆ ಪಂದ್ಯ ಶುರುವಾದಾಗ ಡೆಲ್ರಾಯ್ ಜಾಗದಲ್ಲಿ ನಿಲ್ತೀಯೇನೋ?"

ಆ ಕಡೆ ಹಿಂದಿನಿಂದ ಅವನ ಅಜ್ಜಿ, "ಹೂಂ ಅನ್ನೋ, ದಡ್ಡ!" ಎಂದು ಗದರಿದ್ದು ಕೇಳಿಸಿತು.

"ಇಲ್ಲ ಸರ್. ನಂಗೆ ಬಲಗಡೆ ಆಡಿ ರೂಢಿ, ಎಡಗಡೆ ಇನ್ನೂ ಕಾಲು ಎಡವುತ್ತೆ. ಒಂದು ವರ್ಷ ಕಲಿಸಿದ್ರೆ ನಿಲ್ತೀನಿ."

"ಕೆಡಿಸಿದ್ಯಲ್ಲೋ!" ಎಂದಳು ಅಜ್ಜಿ.

ಗಸ್ ಫೋನಿಗೆ ಅಂಗೈ ಅಡ್ಡ ಹಿಡಿದು ನಕ್ಕ. "ಲೊರೇನ್, ಇವನ ಹೆಸರು ಕಳಿಸು."

"ಮತ್ತೆ ನಿನ್ನ ಗತಿ?"

"ನೋಡೋಣ. ತನಗೇನು ಬರಲ್ಲ ಅಂತ ಗೊತ್ತಿರೋನಿಗೆ ಕಲಿಸೋದು ಸುಲಭ."

ಆ ವರ್ಷ ಡೆಲ್ರಾಯ್‌ನ ಜಾಗ ತುಂಬಲಿಲ್ಲ. ಮುಂದಿನ ವರ್ಷಕ್ಕೆ ಎಜ್ರಾ ಸಿಕ್ಕಿದ.