ಅರ್ಧಕ್ಕೆ ನಿಲ್ಲುವ ಸಂಗೀತ

“ಯಾಕೆ ಮುಗಿಸೋದಿಲ್ಲ ನೀವು?”

ಖಾಲಿ ಚರ್ಚಿನಲ್ಲಿ ನಿಂತು ಡೆಟ್ಲೆಫ್ ಗಟ್ಟಿಯಾಗಿಯೇ ಕೇಳಿದ. ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ತಲೆಯ ಮೇಲಿನ ಅಟ್ಟದಲ್ಲಿ ಆರ್ಗನ್ ಆಗಷ್ಟೇ ನಿಂತಿತ್ತು. ಸಂಗೀತ ಏರಿ, ಹೊರಳಿ, ಇನ್ನೇನು ನೆಲೆ ಮುಟ್ಟಬೇಕು ಅನ್ನುವಾಗ ನರಳಿ ಆರಿಹೋಗಿತ್ತು, ಉಸಿರು ಹೋದ ಹಾಗೆ.

ದಿನವೂ ಸಂಜೆ ಹೀಗೆಯೇ. ನುಡಿಸುವವರು ಯಾರೆಂದು ಊರಿಗೆಲ್ಲ ಗೊತ್ತಿತ್ತು: ಇಲ್ಲಿನ ಆರ್ಗನ್ ವಾದಕ ಹಿನ್ರಿಕ್ ಮೇಸ್ಟ್ರು. ಅವರನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಅವರ ಹುದ್ದೆ ಕೇಳಿಕೊಂಡು ಡೆಟ್ಲೆಫ್‌ಗಿಂತ ಮೊದಲು ಬಂದವರು ಈ ಸಂಗೀತ ಕೇಳಿದ ಮರುದಿನವೇ ಹಡಗು ಹತ್ತಿದ್ದರು.

ಡೆಟ್ಲೆಫ್‌ಗೆ ಹೋಗಲು ಊರಿರಲಿಲ್ಲ. ಕಂಡವರ ಮಕ್ಕಳಿಗೆ ಪಾಠ ಹೇಳಿ, ಮದುವೆಗಳಲ್ಲಿ ಕುಡುಕರ ನಡುವೆ ನುಡಿಸಿ ಪ್ರಾಯ ಕಳೆದಿತ್ತು. ಭಾನುವಾರ ಚರ್ಚಿನ ಹಿರಿಯರ ಮುಂದೆ ನುಡಿಸಿ ಮೆಚ್ಚಿಸಿದರೆ ಈ ಆರ್ಗನ್, ಇರಲು ಮನೆ, ಚಳಿಗಾಲಕ್ಕೆ ಸೌದೆ. ಜೊತೆಗೆ, ಈ ಬಾಲ್ಟಿಕ್ ತೀರದ ಪದ್ಧತಿಯಂತೆ, ತೀರಿಕೊಂಡ ಮೇಸ್ಟ್ರ ಮಗಳು ವೀಬ್ಕೆಯೊಂದಿಗೆ ಮದುವೆ. ಅದಕ್ಕೂ ಅವನು ಒಪ್ಪಿಯಾಗಿತ್ತು.

ಕೊರತೆ ಒಂದೇ. ಹಿಂದಿನ ಕೋಣೆಯಲ್ಲಿ ಒಬ್ಬರು ತಿದಿ ತುಳಿದು ಗಾಳಿ ತುಂಬಿದರೆ ಮಾತ್ರ ಮುಂದೆ ಕೂತವರ ಬೆರಳಿಗೆ ದನಿ. ಭೂತದ ಭಯಕ್ಕೆ ಬಂದರಿನ ಹಮಾಲರೂ ಅಟ್ಟ ಹತ್ತಲು ಒಪ್ಪಲಿಲ್ಲ.

ಗಂಟೆ ಹೊಡೆಯುವ ಮುದುಕ ಯೋಸ್ಟ್ ನಕ್ಕಿದ್ದ. ಬದುಕಿದ್ದಾಗಲೂ ಮೇಸ್ಟ್ರು ಹೊರಗಿನವರನ್ನು ಮೇಲಕ್ಕೆ ಬಿಡುತ್ತಿರಲಿಲ್ಲವಂತೆ. ಅಪ್ಪ ಮಗಳು ಇಬ್ಬರೇ ಹತ್ತಿ, ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದರಂತೆ. ಕಡೆಯ ವರ್ಷ ಬೆರಳು ಸೊಟ್ಟಗಾಗಿ, ಬಿಯರ್ ಲೋಟವನ್ನು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದರಂತೆ.

“ಆರ್ಗನ್ ಮುಂದೆ ಕೂತ್ರೆ ಮಾತ್ರ ದೇವ್ರೇ ಬೆರಳು ಕೊಡ್ತಿದ್ದ ಮಾರಾಯ. ಅಂಥೋರು ಅಷ್ಟು ಸುಲಭಕ್ಕೆ ಜಾಗ ಬಿಡ್ತಾರಾ? ನಿನ್ನ ತೊಡೆ ಮೇಲೇ ಬಂದು ಕೂತ್ಕೋತಾರೆ, ನೋಡ್ತಿರು.”

ಡೆಟ್ಲೆಫ್ ದಾವೀದನ ಕೀರ್ತನೆಯೊಂದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಬಾಗಿಲು ಬಡಿದ. ತುಸು ಹೊತ್ತಿಗೆ ಅಗಳಿ ಸರಿಯಿತು.

ವೀಬ್ಕೆ ನಿಂತಿದ್ದಳು. ಕತ್ತಿನ ತುಂಬ ಬೆವರು, ಮಾತಾಡಲಾಗದಷ್ಟು ಏದುಸಿರು. ಅವಳ ಹಿಂದೆ ತಿದಿಯ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಆರ್ಗನ್ನಿನ ಬೆಂಚು ಖಾಲಿ. ಅವನು ಕೀಲಿಮಣೆಯ ಮೇಲೆ ಕೈಯಿಟ್ಟ. ಆ ಚಳಿಯಲ್ಲೂ ಅದು ಬೆಚ್ಚಗಿತ್ತು.

ಅವನ ಮೈ ನವಿರೆದ್ದಿತು. ಸತ್ತ ತಂದೆಗೆ ಈ ಹೆಣ್ಣು ಇನ್ನೂ ಗಾಳಿ ತುಂಬುತ್ತಿದ್ದಾಳೆ.

“ನಿಮಗೆ ಹಿಡಿಸ್ತಾ?” ವೀಬ್ಕೆಯೇ ಕೇಳಿದಳು.

“ಅಂಥದ್ದನ್ನ ನಾನು ಹುಟ್ಟಿದಾಗಿನಿಂದ ಕೇಳಿಲ್ಲ.”

ಅದು ನಿಜ. ಅವಳ ಮುಖ ದೀಪ ಹಚ್ಚಿದಂತಾಯಿತು, ಮರುಗಳಿಗೆಗೆ ಆರಿತು.

“ಅದರ ಕೊನೇನ ಇನ್ನೂ ಯಾರೂ ಕೇಳಿಲ್ಲ. ಇರೋದು ನಾನೊಬ್ಬಳೇ, ಗಾಳಿ ಸಾಲೋದಿಲ್ಲ.”

ಅವನಿಗೆ ಮರುಕವೆನಿಸಿತು. ಹೋದವರನ್ನು ಹೋಗಗೊಡಬೇಕು, ತಾನು ಗೆದ್ದರೆ ಈ ಮನೆ ಅವಳದಾಗಿಯೇ ಉಳಿಯುತ್ತದೆ, ಗೌರವದಿಂದ ನೋಡಿಕೊಳ್ಳುತ್ತೇನೆ ಎಂದೆಲ್ಲ ಮೆಲ್ಲಗೆ ಹೇಳಿದ. ಸೋತರೆ ಇಬ್ಬರೂ ಬೀದಿಗೆ ಬೀಳಬೇಕು. ಅವಳು ನೆಲ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಒಂದೇ ಒಂದು ಬೇಡ್ಕೊಳ್ತೀನಿ. ನಿಮ್ಮಪ್ಪನಿಗೆ ತುಳೀತಿದ್ದ ಹಾಗೇ ಭಾನುವಾರ ನನಗೂ ತಿದಿ ತುಳೀರಿ.”

ವೀಬ್ಕೆ ತಲೆಯೆತ್ತಿದಳು.

“ಆಗೋದಿಲ್ಲ. ತುಳೀತಿದ್ದೋರು ಅಪ್ಪ.”