ಅವರೆಯ ಸೊಗಡು

ಅವರೆಕಾಯಿ ಬಿಡಿಸಿದ ಕೈ ಮೂಸಿದರೆ ನನಗೆ ಇವತ್ತಿಗೂ ವಿದೇಶದಲ್ಲಿ ನಾವಿದ್ದ ಮನ್ರೋ ಊರಿನ ಕಮ್ಯುನಿಟಿ ಗಾರ್ಡನ್ನೇ ನೆನಪಾಗುತ್ತದೆ.

ಮೈಸೂರಿನಿಂದ ಬಂದಿದ್ದ ತಾತ ಅಲ್ಲಿ ನಮ್ಮ ಪಾಲಿನ ಪ್ಲಾಟಿನಲ್ಲಿ ಅವರೆ ಹಾಕಿದ್ದರು. ಬೇಸಿಗೆಯಿಡೀ ಎಲ್ಲರ ಟೊಮೇಟೊ ಬಡವರಿಗೆ ಹಂಚುವ ಫುಡ್ ಪ್ಯಾಂಟ್ರಿಗೆ ಹೋಗುತ್ತಿದ್ದರೆ ನಮ್ಮ ಬಳ್ಳಿಯಲ್ಲಿ ಬರೀ ಎಲೆ.

"ಚಳಿ ಶುರುವಾಗ್ಲಿ, ಹೂ ಬಿಡತ್ತೆ," ಅನ್ನುತ್ತಿದ್ದರು ತಾತ.

ಹೂ ಬಿಟ್ಟ ವಾರವೇ ಅವರು ಕಾಯಿಲೆ ಬಿದ್ದು ಊರಿಗೆ ಹೊರಟರು. ಗಿಡ ಕರಕಲಾಗಿಸುವ ಫ್ರಾಸ್ಟ್ ಬೀಳುವ ದಿನಗಳಲ್ಲೆಲ್ಲ ಸಂಜೆ ಪಕ್ಕದ ಪ್ಲಾಟಿನ ಅಜ್ಜಿ ರೋಸ್ ತಮ್ಮ ಮನೆಯ ಬೆಡ್‌ಶೀಟು ತಂದು ಬಳ್ಳಿಗೆ ಹೊದಿಸುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಒಂದು ಹಿಡಿ ಕಾಯಿ ಸಿಕ್ಕಿತು. ಅಮ್ಮ ಆಸ್ಪತ್ರೆಯಲ್ಲಿದ್ದ ತಾತನಿಗೆ ವಿಡಿಯೋ ಕಾಲ್ ಮಾಡಿ ಬೆಡ್‌ಶೀಟಿನ ವಿಷಯ ಹೇಳಿದಳು. ನಾನು ಒಂದು ಕಾಯಿ ಮುರಿದು ಫೋನಿಗೆ ಹಿಡಿದೆ.

"ಸ್ಮೆಲ್ ಇಟ್, ತಾತ!"

ತಾತ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡರು.

"ಒಳ್ಳೇ ಸೊಗಡು, ಪುಟ್ಟಾ. ಮೊದಲು ರೋಸಮ್ಮನಿಗೆ ಕೊಡು."