ಓರೆಗೆರೆಯ ಆಚೆ

"ಅತ್ತಿಗೆ, ಡ್ಯೂಟಿ ಲಿಸ್ಟ್ ಬರ್ತಿಲ್ಲ. ಹೊರಗೆ ನರ್ಸ್‌ಗಳು ನನ್ನ ಜೀವ ತಿಂತಿದಾರೆ."

ಕರೆದವನು ಅವಳ ಮೈದುನನಲ್ಲ, ಗಂಡನ ಗೆಳೆಯ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಮೂವರೂ ಒಟ್ಟಿಗಿದ್ದ ಕಾಲದಿಂದ ಹಾಗೇ ಕರೆಯುತ್ತಾನೆ. ಈಗ ಇಬ್ಬರೇ. ಮೂರನೆಯ ಕುರ್ಚಿಯ ಮೇಲೆ ಕಾಗದದ ಕಟ್ಟುಗಳಿವೆ. ಗಂಡ ತೀರಿಹೋಗಿ ಹನ್ನೊಂದು ತಿಂಗಳು.

ನರ್ಸ್‌ಗಳ ಪಟ್ಟಿ ತಯಾರಿಸಲು ಕಂಪ್ಯೂಟರಿಗೆ ಕೊಡುವ ಆಜ್ಞೆ, ಅಂದರೆ ಸ್ಕ್ರಿಪ್ಟ್, ಗಂಡ ಬರೆದದ್ದು. ಪರದೆಯ ಬಲ ಅಂಚು ದಾಟಿ ಓಡುವ ಒಂದೇ ಉದ್ದ ಸಾಲು. ಓದುವವರ ಕಣ್ಣಿಗೆ ಹಿತವಾಗಲೆಂದು ನಿನ್ನೆ ಸಂಜೆ ಅವಳೇ ಅದನ್ನು ಮುರಿದು ಎಂಟು ಸಾಲು ಮಾಡಿದ್ದಳು. ಮುರಿದಲ್ಲೆಲ್ಲ ಒಂದೊಂದು ಓರೆಗೆರೆ: ಮಾತು ಮುಗಿದಿಲ್ಲ, ಕೆಳಗೆ ಇನ್ನೂ ಇದೆ ಎಂದು ಯಂತ್ರಕ್ಕೆ ಹೇಳುವ ಗುರುತು.

"ನೋಡೋಕೆ ಎಲ್ಲಾ ಸರಿಯಾಗೇ ಇದೆ. ಆದ್ರೆ ಐದನೇ ಸಾಲಿಗೆ ಬಂದು ಹಟ ಹಿಡಿದು ನಿಂತ್ಬಿಡ್ತಿದೆ" ಎಂದ ಗೆಳೆಯ.

ಅವಳು ಐದನೆಯ ಸಾಲಿನ ಕೊನೆಗೆ ಕರ್ಸರ್ ಒಯ್ದಳು. ಅದು ಓರೆಗೆರೆಯನ್ನೂ ದಾಟಿ ಒಂದು ಹೆಜ್ಜೆ ಆಚೆ ಹೋಗಿ ನಿಂತಿತು. ಅಲ್ಲೊಂದು ಖಾಲಿ ಜಾಗ. ಓರೆಗೆರೆಯ ನಂತರ ಏನೂ ಇರಕೂಡದು, ಖಾಲಿ ಜಾಗ ಕೂಡ. ಇದ್ದರೆ ಮಾತು ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ.

"ಅಯ್ಯೋ, ಇದು ಅವನ ಕಾಯಿಲೆ ಅಲ್ವಾ! ನಿಮಗ್ಯಾವಾಗ ಅಂಟ್ಕೊಂಡ್ತು?" ಎಂದವನು ನಾಲಿಗೆ ಕಚ್ಚಿಕೊಂಡ.

ಗಂಡನ ಹೆಬ್ಬೆರಳು ಸುಮ್ಮನಿರುತ್ತಲೇ ಇರಲಿಲ್ಲ. ಏನು ಬರೆದರೂ ಕೊನೆಗೊಮ್ಮೆ ಸ್ಪೇಸ್ ಒತ್ತಿಬಿಡುತ್ತಿತ್ತು. "ನಿನ್ನ ಹೆಬ್ಬೆರಳಿಗೇನು ಬೇರೆ ಸಂಬಳ ಇದೆಯಾ?" ಎಂದು ಅವಳು ರೇಗಿಸಿದರೆ, "ಅದಕ್ಕೇ ಕಣೇ, ನಾನು ಸಾಲು ಮುರಿಯೋ ಗೋಜಿಗೇ ಹೋಗಲ್ಲ" ಎನ್ನುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವಳು ಆ ತಪ್ಪನ್ನು ಒಮ್ಮೆಯೂ ಮಾಡಿರಲಿಲ್ಲ.

"ನಾನೇ ಅಳಿಸ್ಲಾ, ಅತ್ತಿಗೆ?"

"ಬೇಡ. ಒಂದ್ನಿಮಿಷ."

ಆ ನಿಮಿಷ ತುಸು ಉದ್ದವೇ ಆಯಿತು. ಹೊರಗೆ ಯಾರೋ ಬಾಗಿಲು ಬಡಿದರು. ಅವಳು ಅಳಿಸಿದಳು. ಪರದೆಯ ಮೇಲೆ ಏನೂ ಬದಲಾದಂತೆ ಕಾಣಲಿಲ್ಲ. ಪ್ರಿಂಟರ್ ಗೊರಗುಟ್ಟಿತು, ಗೆಳೆಯ ಬಿಸಿ ಆರದ ಹಾಳೆ ಹಿಡಿದು ಹೊರಗೋಡಿದ.

ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ಹೊಸದೊಂದು ಫೈಲ್ ತೆರೆದಳು. ಕೈಗೆ ಬಂದ ಯಾವುದೋ ಒಂದು ಸಾಲು ಬರೆದು, ಕೊನೆಗೆ ಓರೆಗೆರೆ ಹಾಕಿ, ಸ್ಪೇಸ್ ಮೇಲಿಟ್ಟ ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತಳು.

ಅದು ಅಲುಗಲಿಲ್ಲ.